ಬರೆದ ಸಾಲು ಯಂತ್ರದ ಕೆಲಸವಾಗುವ ಬಗೆ

ಮೊತ್ತ = ತೂಕ * ದರ - ಬಾಡಿಗೆ

ಹೂವಿನಹಡಗಲಿ ತಾಲ್ಲೂಕಿನ ಇಟ್ಟಿಗಿಯಲ್ಲಿ ಮೆಕ್ಕೆಜೋಳ ಮಾರಿ ಬಂದ ಯಾವ ರೈತನಿಗೂ ಈ ಸಾಲಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ಕ್ವಿಂಟಲ್ ತೂಕ, ಕ್ವಿಂಟಲ್ಲಿಗೆ ಇಷ್ಟು ದರ, ಎರಡನ್ನೂ ಗುಣಿಸಿ ಟ್ರ್ಯಾಕ್ಟರ್ ಬಾಡಿಗೆ ಕಳೆದರೆ ಕೈಗೆ ಬರುವ ಮೊತ್ತ. ನಡುವಿನ ನಕ್ಷತ್ರ ಚಿಹ್ನೆ ಗುಣಾಕಾರದ್ದು. ಇದೇ ಸಾಲನ್ನು ಒಂದಕ್ಷರವೂ ಬದಲಿಸದೆ ಪೈಥಾನ್ ಭಾಷೆಯ ಪ್ರೋಗ್ರಾಂ ಒಂದರಲ್ಲಿ ಹಾಕಿದರೆ ಕಂಪ್ಯೂಟರ್ ಕೂಡ ಅದನ್ನು ಒಪ್ಪಿಕೊಂಡು ನಡೆಸುತ್ತದೆ. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಇಡಬಹುದು. ಕಾಲೇಜಿನ ಲ್ಯಾಬಿನಲ್ಲಿ ಇಂಗ್ಲಿಷ್ ಹೆಸರುಗಳನ್ನೇ ಕಂಡು ಬೆಳೆದ ನಮ್ಮ ಹುಡುಗ ಹುಡುಗಿಯರಲ್ಲಿ ಬಹಳ ಮಂದಿಗೆ ಈ ಸಂಗತಿ ಗೊತ್ತೇ ಇರುವುದಿಲ್ಲ.

ಆದರೆ ಒಳಗಿರುವ ಚಿಪ್ಪಿಗೆ ತೂಕವೂ ತಿಳಿಯದು, ಬಾಡಿಗೆಯೂ ತಿಳಿಯದು. ಅಲ್ಲಿರುವುದು ವಿದ್ಯುತ್ ಇದೆ, ಇಲ್ಲ ಎಂಬ ಎರಡೇ ಸ್ಥಿತಿ. ನಾವು ಬರೆದ ಸಾಲಿನಿಂದ ಆ ಸ್ಥಿತಿಯವರೆಗೆ ಹಲವು ಹಂತಗಳಿವೆ. ಒಂದೊಂದು ಹಂತದಲ್ಲೂ ಯಾರೋ ಒಬ್ಬರು ಕೂತು ಬರೆದಿಟ್ಟ ನಿಯಮವಿದೆ. ಆ ಹಂತಗಳನ್ನು ಈ ಒಂದೇ ಸಾಲಿನ ಜೊತೆ ಇಳಿದು ನೋಡೋಣ.

ಮೊದಲು ಕೀಬೋರ್ಡು. ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರ ಕ್ರಮದಲ್ಲಿ, ಅಂದರೆ ನುಡಿ ತಂತ್ರಾಂಶ ಬಳಸುವವರಿಗೆಲ್ಲ ರೂಢಿಯಾದ ಕ್ರಮದಲ್ಲಿ, ‘ಮೊತ್ತ’ ಬರೆಯಲು ಎಂ, ಒ, ಟಿ, ಎಫ್, ಟಿ ಎಂಬ ಐದು ಕೀಲಿ ಒತ್ತಬೇಕು. ಎಫ್ ಒತ್ತಿದರೆ ಹಿಂದಿನ ವ್ಯಂಜನ ಅರ್ಧವಾಗುತ್ತದೆ, ಮುಂದಿನದು ಒತ್ತಾಗಿ ಕೂರುತ್ತದೆ. ನಾವು ಉಚ್ಚರಿಸುವ ಅನುಕ್ರಮದಲ್ಲೇ ಒತ್ತುತ್ತೇವೆ, ಕಂಪ್ಯೂಟರ್ ಕೂಡ ಅದೇ ಅನುಕ್ರಮದಲ್ಲಿ ಇಟ್ಟುಕೊಳ್ಳುತ್ತದೆ: ಮ, ಒಕಾರದ ಚಿಹ್ನೆ, ತ, ವ್ಯಂಜನವನ್ನು ಅರ್ಧ ಮಾಡುವ ವಿರಾಮ ಚಿಹ್ನೆ, ಮತ್ತೆ ತ. ಒತ್ತಕ್ಷರವನ್ನು ಕೆಳಗೆ ಇಳಿಸಿ ಚೆಂದವಾಗಿ ಜೋಡಿಸುವುದು ಪರದೆಗೆ ಬರೆಯುವ ಹೊತ್ತಿನಲ್ಲಿ ಫಾಂಟು ಮತ್ತು ಅದರ ಜೊತೆಗಾರ ತಂತ್ರಾಂಶ ಮಾಡುವ ಕೆಲಸ. ಕಡತದಲ್ಲಿ ಆ ಚೆಂದ ಇರುವುದಿಲ್ಲ.

ಕಡತದಲ್ಲಿ ಇರುವುದು ಸಂಖ್ಯೆಗಳು. ಯೂನಿಕೋಡ್ ಎಂಬ ಲೋಕಮಾನ್ಯ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಮನೆಗಳನ್ನು ಮೀಸಲಿಟ್ಟಿದ್ದಾರೆ. ‘ಮ’ ಅಕ್ಷರದ ಮನೆ ಸಂಖ್ಯೆ 3246. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ, ಆದ್ದರಿಂದ ಅದನ್ನು ಮೂರು ಬೈಟಾಗಿ ಒಡೆದು ಇಡುತ್ತಾರೆ: 224, 178, 174. ‘ಮೊತ್ತ’ ಎಂಬ ಒಂದು ಪದಕ್ಕೆ ಐದು ಸಂಕೇತ, ಹದಿನೈದು ಬೈಟು. ನಮ್ಮ ಇಡೀ ಸಾಲು ಖಾಲಿ ಜಾಗಗಳೂ ಸೇರಿ 57 ಬೈಟು. ಈ ಹಂತದಲ್ಲಿ ಕಂಪ್ಯೂಟರಿನ ಮುಂದಿರುವುದು 57 ಸಂಖ್ಯೆಗಳ ಸಾಲು, ಅಷ್ಟೇ.

ಇಲ್ಲಿಂದ ಭಾಷಾಂತರದ ಕೆಲಸ ಶುರು. ಅನುವಾದಕ ಪ್ರೋಗ್ರಾಂ ಎಡದಿಂದ ಓದುತ್ತ ಆ ಸಾಲನ್ನು ತುಂಡು ಮಾಡುತ್ತದೆ. ಮೊತ್ತ, ಸಮಚಿಹ್ನೆ, ತೂಕ, ನಕ್ಷತ್ರ, ದರ, ಕಳೆಯುವ ಚಿಹ್ನೆ, ಬಾಡಿಗೆ. ಒಟ್ಟು ಏಳು ತುಂಡು. ಯಾವ ಅಕ್ಷರದಿಂದ ಹೆಸರು ಶುರುವಾಗಬಹುದು, ಎಲ್ಲಿ ಮುಗಿಯಿತೆಂದು ತಿಳಿಯಬೇಕು, ಯಾವುದು ಸಂಖ್ಯೆ, ಯಾವುದು ಚಿಹ್ನೆ ಎಂಬುದಕ್ಕೆಲ್ಲ ನಿಯಮಗಳಿವೆ. ಈ ನಿಯಮಗಳಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಪೈಥಾನ್ ಪ್ರೋಗ್ರಾಂನೊಳಗೆ ತೂಕ = ೪೦ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ತಪ್ಪೆಂದು ನಿಂತುಬಿಡುತ್ತದೆ. ಆದರೆ ಅದೇ ‘೪೦’ನ್ನು ಬಳಕೆದಾರ ಕೀಬೋರ್ಡಿನಿಂದ ಪಠ್ಯವಾಗಿ ಕೊಟ್ಟು, ಅದನ್ನು ಇಂಟ್ ಎಂಬ ಆಜ್ಞೆಯಿಂದ ಸಂಖ್ಯೆ ಮಾಡು ಎಂದರೆ ತಕರಾರಿಲ್ಲದೆ ನಲವತ್ತು ಎಂದೇ ತೆಗೆದುಕೊಳ್ಳುತ್ತದೆ. ಅಂಕಿ ಅದೇ, ಕಂಪ್ಯೂಟರೂ ಅದೇ. ಒಂದು ಕಡೆ ಬೇಡ ಎಂದೂ ಇನ್ನೊಂದು ಕಡೆ ಆಗಲಿ ಎಂದೂ ತೀರ್ಮಾನಿಸಿದವರು ಆ ಭಾಷೆಯನ್ನು ಕಟ್ಟಿದ ಮನುಷ್ಯರು.

ತುಂಡುಗಳಾದ ಮೇಲೆ ವ್ಯಾಕರಣ. ಯಾವುದನ್ನು ಮೊದಲು ಮಾಡಬೇಕು? ತೂಕ 40 ಕ್ವಿಂಟಲ್, ಲೆಕ್ಕ ಸುಲಭವಾಗಲೆಂದು ದರ 2,000 ರೂಪಾಯಿ, ಬಾಡಿಗೆ 1,500 ಎಂದಿಟ್ಟುಕೊಳ್ಳಿ. ಗುಣಿಸಿ ಆಮೇಲೆ ಕಳೆದರೆ 78,500. ಕಳೆಯುವುದನ್ನು ಮೊದಲು ಮಾಡಿ ಆಮೇಲೆ ಗುಣಿಸಿದರೆ ನಲವತ್ತು ಐನೂರಲೆ 20,000. ಬರಹದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ರೈತನ ಜೇಬಿನಲ್ಲಿ 58,500 ರೂಪಾಯಿ ವ್ಯತ್ಯಾಸ. ಆದ್ದರಿಂದ ಅನುವಾದಕ ಪ್ರೋಗ್ರಾಂ ತನ್ನ ವ್ಯಾಕರಣದ ಪ್ರಕಾರ ತುಂಡುಗಳನ್ನು ಕೊಂಬೆ ಕೊಂಬೆಯಾಗಿ ಜೋಡಿಸುತ್ತದೆ: ತುದಿಯಲ್ಲಿ ಸಮಚಿಹ್ನೆ, ಅದರ ಒಂದು ಕಡೆ ಮೊತ್ತ, ಇನ್ನೊಂದು ಕಡೆ ಕಳೆಯುವ ಚಿಹ್ನೆ, ಕಳೆಯುವ ಚಿಹ್ನೆಯ ಕೆಳಗೆ ಒಂದು ಕಡೆ ಗುಣಾಕಾರ, ಇನ್ನೊಂದು ಕಡೆ ಬಾಡಿಗೆ, ಗುಣಾಕಾರದ ಕೆಳಗೆ ತೂಕ ಮತ್ತು ದರ. ಕೆಳಗಿನದು ಮೊದಲು, ಮೇಲಿನದು ಆಮೇಲೆ.

ಇಂಥ ವ್ಯಾಕರಣವನ್ನು ಬರೆಯುವ ಪದ್ಧತಿಗೆ ಐಬಿಎಂನ ಜಾನ್ ಬ್ಯಾಕಸ್ ಹೆಸರಿದೆ. ಅವರ ತಂಡವೇ 1957ರಲ್ಲಿ ಫೋರ್ಟ್ರಾನ್ ಭಾಷೆಯ ಕಂಪೈಲರನ್ನು, ಅಂದರೆ ಅನುವಾದಕ ಪ್ರೋಗ್ರಾಂ ಅನ್ನು, ಹೊರತಂದದ್ದು. ಸೂತ್ರಗಳ ಮೂಲಕ ಭಾಷೆಯೊಂದನ್ನು ಕಟ್ಟಿ ತೋರಿಸುವ ಇದೇ ಬಗೆ ಪಾಣಿನಿಯಲ್ಲಿ ಇತ್ತು, ಆದ್ದರಿಂದ ಪಾಣಿನಿ-ಬ್ಯಾಕಸ್ ಪದ್ಧತಿ ಎಂದು ಕರೆಯಬೇಕು ಎಂದು 1967ರಲ್ಲಿ ಅಮೆರಿಕದ ಪೀಟರ್ ಇಂಗರ್‌ಮನ್ ಸಲಹೆ ಮಾಡಿದ್ದರು. ಹೆಸರು ನಿಲ್ಲಲಿಲ್ಲ, ಮಾತು ಮಾತ್ರ ಸರಿಯಾದದ್ದು. ಕೇಶಿರಾಜನನ್ನು ಓದಿ ಬೆಳೆದ ನಾಡಿನ ವಿದ್ಯಾರ್ಥಿಗಳಿಗೆ ಸೂತ್ರ ಎಂದರೇನು ಎಂದು ಹೊಸದಾಗಿ ಕಲಿಸಬೇಕಾಗಿಲ್ಲ. ಒಂದೇ ವ್ಯತ್ಯಾಸ: ಮನುಷ್ಯರ ಮಾತಿನಲ್ಲಿ ಸಂಧಿ ತಪ್ಪಿದರೂ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ, ಕಂಪೈಲರ್ ಹಾಗೆ ಮಾಡುವುದಿಲ್ಲ, ಮಾಡಲೂಬಾರದು. ದುಡ್ಡಿನ ಲೆಕ್ಕದಲ್ಲಿ ಯಂತ್ರ ಊಹೆ ಮಾಡುವುದು ಯಾರಿಗೂ ಬೇಡ.

ಪೈಥಾನ್ ಈ ಕೊಂಬೆಗಳನ್ನು ನೋಡಿ ಆರು ಸಣ್ಣ ಆಜ್ಞೆ ಬರೆದಿಡುತ್ತದೆ. ತೂಕ ತಾ. ದರ ತಾ. ಗುಣಿಸು. ಬಾಡಿಗೆ ತಾ. ಕಳೆ. ಬಂದದ್ದನ್ನು ಮೊತ್ತ ಎಂಬ ಹೆಸರಿನಲ್ಲಿ ಇಡು. ಇದನ್ನು ಬೈಟ್‌ಕೋಡ್ ಎನ್ನುತ್ತಾರೆ. ಪೈಥಾನಿನ ಜೊತೆಗೇ ಬರುವ ಡಿಸ್ ಎಂಬ ಘಟಕವನ್ನು ಬಳಸಿದರೆ ಈ ಆರೂ ಆಜ್ಞೆಗಳು, ‘ತೂಕ’, ‘ದರ’ ಎಂಬ ನಮ್ಮ ಹೆಸರುಗಳ ಸಮೇತ, ಪರದೆಯ ಮೇಲೆ ಕಾಣುತ್ತವೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದ ವಿದ್ಯಾರ್ಥಿಗೆ ಪ್ರೋಗ್ರಾಂ ಬಾಯಿಪಾಠ ಮಾಡುವ ಅಗತ್ಯ ಬೀಳದು ಎಂಬುದು ನನ್ನ ಗಟ್ಟಿ ನಂಬಿಕೆ. ನಮ್ಮ ಲ್ಯಾಬುಗಳಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ಇಪ್ಪತ್ತು ಪ್ರೋಗ್ರಾಂ ಉರುಹೊಡೆಸುವ ಬದಲು, ಒಂದು ಪ್ರೋಗ್ರಾಂ ಒಳಗೆ ಏನೇನಾಗುತ್ತದೆ ಎಂದು ತೋರಿಸಿದರೆ ಸಾಕು.

ಆರು ಆಜ್ಞೆಗಳಾದವು, ಆದರೂ ಚಿಪ್ಪಿಗೆ ಇದು ಇನ್ನೂ ಅರ್ಥವಾಗದ ಭಾಷೆ. ಬೈಟ್‌ಕೋಡನ್ನು ಒಂದೊಂದಾಗಿ ಓದಿ ನಡೆಸುವುದು ಇನ್ನೊಂದು ಪ್ರೋಗ್ರಾಂ. ಸಾಮಾನ್ಯವಾಗಿ ನಾವು ಬಳಸುವ ಪೈಥಾನಿನಲ್ಲಿ ಆ ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ಸಿ ಎಂದರೆ 1972ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಭಾಷೆ. ಸಿ ಭಾಷೆಯ ಕಂಪೈಲರ್ ನೇರವಾಗಿ ಚಿಪ್ಪಿನ ಆಜ್ಞೆಗಳನ್ನೇ ಬರೆಯುತ್ತದೆ. ಮನುಷ್ಯರು ಬರೆದದ್ದನ್ನು ಯಂತ್ರವೇ ಯಂತ್ರದ ಸಂಕೇತಕ್ಕೆ ತಿರುಗಿಸಬಹುದು ಎಂದು 1952ರಲ್ಲೇ ಮಾಡಿ ತೋರಿಸಿದವರು ಗ್ರೇಸ್ ಹಾಪರ್ ಎಂಬ ಹೆಣ್ಣುಮಗಳು. ಅಲ್ಲಿಯವರೆಗೆ ಹೆಚ್ಚಾಗಿ ಯಂತ್ರದ ಸಂಕೇತಗಳನ್ನೇ ಬರೆದು ಉಣಿಸಬೇಕಿತ್ತು.

ಈ ವಿದ್ಯೆ ನಮಗೆ ದೂರದ್ದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೀತಿ ಶಂಕರ್ ಮತ್ತು ವೈ.ಎನ್. ಶ್ರೀಕಾಂತ್ ಅವರು ಕಂಪೈಲರ್ ಶಾಸ್ತ್ರವನ್ನು ಹಲವು ಪೀಳಿಗೆಗೆ ಕಲಿಸಿದರು. ಇಬ್ಬರೂ ಸೇರಿ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ 2002ರಲ್ಲಿ ಹೊರಬಂತು, ಹೊರದೇಶಗಳಲ್ಲೂ ಅದನ್ನು ಓದುತ್ತಾರೆ. ಶ್ರೀಕಾಂತ್ ಅವರ ಪಾಠಗಳು ಎನ್‌ಪಿಟಿಇಎಲ್ ಎಂಬ ಅಂತರ್ಜಾಲ ಪಾಠಮಾಲೆಯಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಮೊಬೈಲ್ ಇದ್ದರೆ ಇಟ್ಟಿಗಿಯಲ್ಲಿ ಕೂತೇ ಕೇಳಬಹುದು. ಅದೇ ಸಂಸ್ಥೆಯ ಉದಯ್ ಬೊಂಧುಗುಲ ಅವರು ಲೆಕ್ಕದ ಅನುಕ್ರಮವನ್ನೇ ಹೊಂದಿಸಿ ಪ್ರೋಗ್ರಾಂ ವೇಗವಾಗಿ ಓಡುವಂತೆ ಮಾಡುವ ಪ್ಲೂಟೊ ಎಂಬ ಸಾಧನದಿಂದ ಈ ವಲಯದಲ್ಲಿ ಹೆಸರಾದವರು.

ಒಳ್ಳೆಯ ಕಂಪೈಲರ್ ಬರೀ ಅನುವಾದ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ತೂಕ, ದರ, ಬಾಡಿಗೆ ಮೂರನ್ನೂ ಪ್ರೋಗ್ರಾಂನಲ್ಲೇ ಸ್ಥಿರ ಸಂಖ್ಯೆಗಳಾಗಿ ಬರೆದಿದ್ದರೆ, ಕಂಪೈಲ್ ಮಾಡುವಾಗಲೇ ಲೆಕ್ಕ ಮುಗಿಸಿ ನೇರವಾಗಿ 78,500 ಎಂದು ಬರೆದುಬಿಡುತ್ತದೆ. ಪ್ರೋಗ್ರಾಂ ಓಡುವಾಗ ಗುಣಾಕಾರವೇ ನಡೆಯುವುದಿಲ್ಲ.

ಈಗ ಚಿಪ್ಪಿನ ಭಾಷೆಗೆ ಬರೋಣ. ಇಂಟೆಲ್ ಚಿಪ್ಪಿಗೆ ಒಂದು ಬಗೆ, ಮೊಬೈಲಿನ ಆರ್ಮ್ ಚಿಪ್ಪಿಗೆ ಇನ್ನೊಂದು. ನಾನಿಲ್ಲಿ ರಿಸ್ಕ್-ಫೈವ್ ಎಂಬ ಬಗೆಯನ್ನು ಆರಿಸಿಕೊಳ್ಳುತ್ತೇನೆ, ಅದು ಯಾರೂ ಲೈಸೆನ್ಸ್ ಹಣ ಕೊಡದೆ ಬಳಸಬಹುದಾದ ಮುಕ್ತ ವಿನ್ಯಾಸ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಮದ್ರಾಸ್ ಐಐಟಿಯ ‘ಶಕ್ತಿ’ ಪ್ರೊಸೆಸರುಗಳು ಇದರ ಮೇಲೆಯೇ ನಿಂತಿವೆ. ರಿಸ್ಕ್-ಫೈವ್‌ನಲ್ಲಿ 32 ರಿಜಿಸ್ಟರುಗಳಿವೆ, ಅಂದರೆ ಲೆಕ್ಕಕ್ಕೆ ಬೇಕಾದ ಸಂಖ್ಯೆಗಳನ್ನು ಆ ಕ್ಷಣಕ್ಕೆ ಕೈಗೆ ಸಿಗುವಂತೆ ಇಟ್ಟುಕೊಳ್ಳುವ 32 ಜಾಗ. ಮೆಮೊರಿಯಿಂದ ತೂಕವನ್ನು 10ನೇ ರಿಜಿಸ್ಟರಿಗೂ ದರವನ್ನು 11ಕ್ಕೂ ಬಾಡಿಗೆಯನ್ನು 12ಕ್ಕೂ ತಂದದ್ದಾಯಿತು ಎನ್ನಿ. ‘10 ಮತ್ತು 11ನ್ನು ಗುಣಿಸಿ 10ರಲ್ಲೇ ಇಡು’ ಎಂಬ ಆಜ್ಞೆ ಹೀಗಿರುತ್ತದೆ:

0000001 01011 01010 000 01010 0110011

‘10ರಿಂದ 12ನ್ನು ಕಳೆದು 10ರಲ್ಲೇ ಇಡು’ ಎಂಬುದು ಹೀಗೆ:

0100000 01100 01010 000 01010 0110011

ಒಂದೊಂದರಲ್ಲೂ ಸರಿಯಾಗಿ 32 ಬಿಟ್, ಅಂದರೆ ಸೊನ್ನೆ ಅಥವಾ ಒಂದು ಕೂರುವ 32 ಸ್ಥಾನ. ಓದಲು ಅನುಕೂಲವಾಗಲೆಂದು ಬಿಡಿಸಿ ಬರೆದಿದ್ದೇನೆ, ಮೆಮೊರಿಯಲ್ಲಿ ಬಿಡುವಿರುವುದಿಲ್ಲ. ಬಲತುದಿಯ ಏಳು ಬಿಟ್ಟುಗಳು ‘ಇದು ರಿಜಿಸ್ಟರುಗಳ ನಡುವಿನ ಲೆಕ್ಕ’ ಎಂದು ಹೇಳುತ್ತವೆ. ಅದರ ಎಡಕ್ಕಿರುವ 01010 ಎಂದರೆ ಎರಡರ ಪದ್ಧತಿಯಲ್ಲಿ 10, ಉತ್ತರ ಹೋಗಬೇಕಾದ ಜಾಗ. ಮಧ್ಯದ ಮೂರು ಸೊನ್ನೆಗಳೂ ಎಡತುದಿಯ ಏಳು ಬಿಟ್ಟುಗಳೂ ಸೇರಿ ಯಾವ ಲೆಕ್ಕ ಎಂದು ತಿಳಿಸುತ್ತವೆ. ಎಡತುದಿಯ ಆ ಏಳೂ ಸೊನ್ನೆಯಾಗಿದ್ದರೆ ಕೂಡು. 0100000 ಇದ್ದರೆ ಕಳೆ. 0000001 ಇದ್ದರೆ ಗುಣಿಸು. ಕೂಡುವುದಕ್ಕೂ ಕಳೆಯುವುದಕ್ಕೂ ಒಂದೇ ಒಂದು ಬಿಟ್ಟಿನ ಅಂತರ.

ಆ ಒಂದು ಬಿಟ್ಟು ಏನು ಮಾಡುತ್ತದೆ ಎಂದು ತಿಳಿಯಲು ಟ್ರಾನ್ಸಿಸ್ಟರಿಗೆ ಇಳಿಯಬೇಕು. ಟ್ರಾನ್ಸಿಸ್ಟರ್ ಎಂದರೆ ವಿದ್ಯುತ್ತಿಗೆ ಇಟ್ಟ ತೂಬು. ಕೆರೆಯ ತೂಬನ್ನು ಮನುಷ್ಯ ಎತ್ತುತ್ತಾನೆ. ಇಲ್ಲಿ ಒಂದು ತಂತಿಯ ವಿದ್ಯುತ್ತು ಇನ್ನೊಂದು ತಂತಿಯ ತೂಬನ್ನು ಎತ್ತುತ್ತದೆ ಅಥವಾ ಮುಚ್ಚುತ್ತದೆ. ಇಂಥ ಕೆಲವನ್ನು ಜೋಡಿಸಿದರೆ ‘ಎರಡೂ ಇದ್ದರೆ ಮಾತ್ರ’, ‘ಯಾವುದಾದರೊಂದು ಇದ್ದರೆ’, ‘ಇದ್ದರೆ ಇಲ್ಲ, ಇಲ್ಲದಿದ್ದರೆ ಇದೆ’ ಎಂದು ಹೇಳುವ ಮಂಡಲಗಳಾಗುತ್ತವೆ. ಅವುಗಳಿಂದ ಕೂಡುವ ಮಂಡಲ ಆಗುತ್ತದೆ. ಕಳೆಯುವುದಕ್ಕೆ ಬೇರೆ ಮಂಡಲವನ್ನೇ ಕಟ್ಟಬೇಕಾಗಿಲ್ಲ: ಕಳೆಯಬೇಕಾದ ಸಂಖ್ಯೆಯ ಎಲ್ಲ ಬಿಟ್ಟುಗಳನ್ನು ತಿರುವುಮುರುವು ಮಾಡಿ (ಸೊನ್ನೆ ಇದ್ದಲ್ಲಿ ಒಂದು, ಒಂದು ಇದ್ದಲ್ಲಿ ಸೊನ್ನೆ), ಒಂದು ಸೇರಿಸಿ, ಅದೇ ಕೂಡುವ ಮಂಡಲಕ್ಕೆ ಕೊಟ್ಟರೆ ಉತ್ತರ ಕಳೆದದ್ದೇ ಆಗಿರುತ್ತದೆ. ಆಜ್ಞೆಯಲ್ಲಿದ್ದ ಆ ಒಂದು ಬಿಟ್ಟು ‘ತಿರುವುಮುರುವು ಮಾಡು’ ಎಂಬ ಸೂಚನೆಯಾಗಿ ಒಳಗೆ ಹೋಗುತ್ತದೆ. ಬರೆದ ಅಕ್ಷರ ನೇರವಾಗಿ ವಿದ್ಯುತ್ತಿನ ದಾರಿ ಬದಲಿಸುವ ಜಾಗ ಇದು.

ಗುಣಾಕಾರವೂ ಕೂಡುವುದರಿಂದಲೇ. 40ನ್ನು ಎರಡರ ಪದ್ಧತಿಯಲ್ಲಿ ಬರೆದರೆ 101000, ಅಂದರೆ 32 ಮತ್ತು 8. ಹಾಗಾದರೆ 2,000ವನ್ನು ಮೂರು ಸ್ಥಾನ ಎಡಕ್ಕೆ ಸರಿಸಿದರೆ 16,000, ಐದು ಸ್ಥಾನ ಸರಿಸಿದರೆ 64,000. ಎರಡನ್ನೂ ಕೂಡಿದರೆ 80,000. ಸರಿಸುವುದು, ಕೂಡುವುದು, ಎರಡೇ ಕೆಲಸ. ಸ್ಲೇಟಿನ ಮೇಲೆ ನಾವು ಒಂದು ಸ್ಥಾನ ಬಿಟ್ಟು ಬರೆದು ಗುಣಿಸುತ್ತಿದ್ದ ಲೆಕ್ಕವೇ ಇದು, ಹತ್ತರ ಬದಲು ಎರಡರಲ್ಲಿ. ಆಮೇಲೆ 1,500 ಕಳೆದು 78,500.

ಇದೆಲ್ಲಕ್ಕೂ ತಾಳ ಹಾಕುವುದು ಗಡಿಯಾರದ ಮಿಡಿತ. ಮೂರು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 300 ಕೋಟಿ ಮಿಡಿತ. ಚಿಪ್ಪು ಮುಂದಿನ ಆಜ್ಞೆ ಎಲ್ಲಿದೆ ಎಂಬ ವಿಳಾಸವನ್ನು ಸದಾ ಇಟ್ಟುಕೊಂಡಿರುತ್ತದೆ: ತರುತ್ತದೆ, ಬಿಡಿಸಿ ನೋಡುತ್ತದೆ, ನಡೆಸುತ್ತದೆ, ಮುಂದಿನ ವಿಳಾಸಕ್ಕೆ ಹೋಗುತ್ತದೆ. ‘ಹೀಗಿದ್ದರೆ ಇದನ್ನು ಮಾಡು, ಇಲ್ಲದಿದ್ದರೆ ಅದನ್ನು’ ಎಂದು ನಾವು ಬರೆದರೆ, ಎರಡು ರಿಜಿಸ್ಟರುಗಳನ್ನು ಹೋಲಿಸಿ ಆ ವಿಳಾಸವನ್ನು ಬದಲಿಸುವ ಆಜ್ಞೆಯಾಗುತ್ತದೆ. ಯಂತ್ರ ನಿರ್ಧಾರ ತೆಗೆದುಕೊಂಡಿತು ಎಂದು ನಾವು ಹೇಳುವುದೆಲ್ಲ ಒಳಗಡೆ ಇಷ್ಟೇ: ಹೋಲಿಕೆ, ಜಿಗಿತ.

ಲಾರಿ ತೂಗುವ ಕಾಟಾದಲ್ಲೂ ಇದೇ ನಡೆಯುತ್ತದೆ. ಕೆಳಗಿನ ಲೋಡ್ ಸೆಲ್ಲಿನ ಲೋಹ ಭಾರಕ್ಕೆ ಕೂದಲೆಳೆಯಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ಪಟ್ಟಿಯ ವಿದ್ಯುತ್ ರೋಧ ಬದಲಾಗುತ್ತದೆ, ಒಳಗಿನ ಸಣ್ಣ ಚಿಪ್ಪು ಅದನ್ನು ಸಂಖ್ಯೆ ಮಾಡಿ, ತುಂಬಿದ ಗಾಡಿಯ ತೂಕದಿಂದ ಖಾಲಿ ಗಾಡಿಯದನ್ನು ಕಳೆಯುತ್ತದೆ. ಕಳೆಯುವ ಆಜ್ಞೆ ಎಂದೂ ತಪ್ಪುವುದಿಲ್ಲ. ಖಾಲಿ ತೂಕ ಎಂದು ಏನನ್ನು ಕೊಟ್ಟರು ಎಂಬುದು ತಪ್ಪಬಹುದು. ಖಾಲಿ ಗಾಡಿಯನ್ನು ಮತ್ತೆ ತೂಗಿಸದೆ ಹಳೆಯ ಸಂಖ್ಯೆಯನ್ನೇ ಹಾಕಿದರೆ ಚೀಟಿಯಲ್ಲಿ ಬರುವ ನಿವ್ವಳ ತೂಕಕ್ಕೆ ಬೆಲೆಯಿಲ್ಲ. ಗಾಡಿ ಹತ್ತುವ ಮೊದಲು ಪರದೆಯಲ್ಲಿ ಸೊನ್ನೆ ಇದೆಯೇ ನೋಡಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯ ಅವಧಿ ಮುಗಿದಿಲ್ಲವೇ ಎಂದೂ ಕೇಳಿ.

ನನಗೆ ಹೆಚ್ಚು ಕಾಳಜಿ ಇರುವುದು ಇನ್ನೊಂದು ಕಡೆ. ನಮ್ಮ ಭಾಗದಲ್ಲಿ ಕೊಟ್ಟೂರು ಗುರುಬಸವೇಶ್ವರನ ಹೆಸರು ಹೊತ್ತವರು ಊರೂರಿಗೂ ಇದ್ದಾರೆ. ಒಂದು ದಾಖಲೆಯಲ್ಲಿ ‘ಕೊಟ್ರೇಶ’ ಎಂದಿರುತ್ತದೆ, ಇನ್ನೊಂದರಲ್ಲಿ ‘ಕೊಟ್ರೇಶ್’ ಎಂದಿರುತ್ತದೆ. ಊರಿಗೆಲ್ಲ ಗೊತ್ತು, ಇಬ್ಬರೂ ಒಬ್ಬನೇ. ಕಂಪ್ಯೂಟರಿಗೆ ಮೊದಲನೆಯದು 21 ಬೈಟು, ಎರಡನೆಯದು 24. ಹೋಲಿಸು ಎಂದರು, ಹೋಲಿಸಿತು, ಹೊಂದಲಿಲ್ಲ, ‘ಇಲ್ಲದಿದ್ದರೆ’ ಎಂಬ ಕಡೆ ಜಿಗಿಯಿತು. ಕೌಂಟರಿನಲ್ಲಿ ಕೂತವರು “ಸಿಸ್ಟಂ ತಗೊಳ್ಳವಲ್ದು” ಎಂದು ಅರ್ಜಿ ಮರಳಿ ಕೊಟ್ಟರು. ಇನ್ನೂ ಸೂಕ್ಷ್ಮವಾದದ್ದೂ ಇದೆ. ‘ಕೊ’ ಅಕ್ಷರವನ್ನು ಯೂನಿಕೋಡಿನಲ್ಲಿ ಎರಡು ರೀತಿ ಇಡಬಹುದು: ಕ ಮತ್ತು ಒಕಾರದ ಒಂದೇ ಚಿಹ್ನೆ, ಅಥವಾ ಕ, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಮೂರಾಗಿ. ಪರದೆಯ ಮೇಲೆ ಎರಡೂ ಪಡಿಯಚ್ಚು. ಬೈಟಿನಲ್ಲಿ ಬೇರೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳೂ ಹೀಗೆ ಹೊಂದದೆ ಹೋಗಬಹುದು. ಅಕ್ಷರಗಳ ನಡುವೆ ಸೇರಿಕೊಂಡ, ಕಾಣದ ಸಂಕೇತಗಳದೂ ಇದೇ ಪಾಡು.

ಕರ್ನಾಟಕದಲ್ಲಿ ಭೂಮಿ ಯೋಜನೆ ಬಂದಾಗ, 2000ರ ಆಸುಪಾಸಿನಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕೈಬರಹದಿಂದ ನೋಡಿ ಕಂಪ್ಯೂಟರಿಗೆ ಹಾಕಿದರು. ದೊಡ್ಡ ಕೆಲಸ, ರೈತರಿಗೆ ಅನುಕೂಲವಾದ ಕೆಲಸ. ಆದರೆ ಅಷ್ಟು ಹೆಸರುಗಳನ್ನು ಅಷ್ಟು ಜನ ಟೈಪ್ ಮಾಡಿದಾಗ ಬರಹದ ವ್ಯತ್ಯಾಸ ಉಳಿಯದೆ ಇರದು. ಆಮೇಲೆ ಬಂದ ಬೇರೆ ಬೇರೆ ದಾಖಲೆಗಳ ಜೊತೆ ಅವನ್ನು ಹೋಲಿಸುವ ಸಾಲನ್ನು ಬರೆಯುವವರು ಈ ವ್ಯತ್ಯಾಸವನ್ನು ಮುಂಚೆಯೇ ಯೋಚಿಸಬೇಕು. ಎರಡು ಬಗೆಯ ‘ಕೊ’ವನ್ನು ಒಂದೇ ಮಾಡುವ ಕ್ರಮಕ್ಕೆ ನಾರ್ಮಲೈಸೇಷನ್ ಎಂಬ ಸಿದ್ಧ ವಿಧಾನ ಯೂನಿಕೋಡಿನಲ್ಲೇ ಇದೆ, ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ‘ಕೊಟ್ರೇಶ್’ನಲ್ಲಿರುವಂತೆ ಕೊನೆಯ ವಿರಾಮ ಚಿಹ್ನೆ ಮಾತ್ರ ಬೇರೆಯಾದರೆ ತಿರಸ್ಕರಿಸದೆ ಅಧಿಕಾರಿಯ ಪರಿಶೀಲನೆಗೆ ಕಳಿಸು ಎಂದು ಬರೆಯಲು ಇನ್ನು ನಾಲ್ಕು ಸಾಲು. ಚಿಪ್ಪಿಗೆ ಇದು ಲೆಕ್ಕಕ್ಕೇ ಬಾರದಷ್ಟು ಸಣ್ಣ ಭಾರ.

ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಯ ಕಾಲೇಜುಗಳಲ್ಲಿ ಓದಿ ತಂತ್ರಾಂಶದ ಕೆಲಸಕ್ಕೆ ಹೋಗುವ ಮಕ್ಕಳು ಈ ನಾಲ್ಕು ಸಾಲು ಬರೆಯುವವರಾಗಬೇಕು. ‘ಕೊಟ್ರೇಶ’ನೂ ‘ಕೊಟ್ರೇಶ್’ನೂ ಒಬ್ಬನೇ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಜಿ ಹಿಡಿದು ನಿಂತವರಿಗೆ ನನ್ನ ಮಾತು ಇಷ್ಟು: ಸಿಸ್ಟಂ ತೆಗೆದುಕೊಳ್ಳುತ್ತಿಲ್ಲ ಎಂದರೆ, ಯಾವ ಎರಡು ದಾಖಲೆಯ ಯಾವ ಹೆಸರು ಹೊಂದಲಿಲ್ಲ ಎಂದು ಕೇಳಿ. ಎರಡರಲ್ಲೂ ಇರುವ ಹೆಸರನ್ನು ಇದ್ದಂತೆಯೇ ಬರೆದು, ಸರಿಪಡಿಸಿ ಎಂದು ಲಿಖಿತವಾಗಿ ಕೊಡಿ. ಗೊತ್ತುಪಡಿಸಿದ ದಿನಗಳೊಳಗೆ ಸೇವೆ ಕೊಡಬೇಕೆನ್ನುವ ಸರ್ಕಾರದ ‘ಸಕಾಲ’ದ ಪಟ್ಟಿಯಲ್ಲಿರುವ ಸೇವೆಯಾದರೆ ಸ್ವೀಕೃತಿ ಸಂಖ್ಯೆ ಪಡೆಯದೆ ಅಲ್ಲಿಂದ ಹೊರಡಬೇಡಿ.